ಸುಟ್ಟ ಕೈಗೆ ಕಾಲಂ ಇಲ್ಲ

2019ರ ಜೂನ್ 3ರಂದು ಜಗತ್ತಿನ ಅತಿ ದೊಡ್ಡ ವಿಹಾರ ಹಡಗು ಕಂಪನಿ ಕಾರ್ನಿವಲ್ ಅಮೆರಿಕದ ಮಯಾಮಿ ನಗರದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಅಧ್ಯಕ್ಷರೇ ಕೋರ್ಟಿಗೆ ಬಂದಿದ್ದರು. ಪ್ರಯಾಣಿಕರ ಎಂಜಲಿನ ಜೊತೆ ಪ್ಲಾಸ್ಟಿಕ್ ಬೆರೆತದ್ದನ್ನು ಬಹಾಮಾಸ್ ಕಡಲಿಗೆ ಸುರಿದದ್ದು, ತರಬೇತಿಯ ದಾಖಲೆಗಳನ್ನು ಸುಳ್ಳು ಸುಳ್ಳಾಗಿ ಬರೆದದ್ದು, ಕೋರ್ಟಿನ ತಪಾಸಣೆಗಾರರು ಹಡಗು ಹತ್ತುವ ಮೊದಲೇ ತನ್ನ ತಂಡ ಕಳಿಸಿ ಹುಳುಕು ಮುಚ್ಚಿಸಿದ್ದು, ಎಲ್ಲವನ್ನೂ ಕಂಪನಿ ಒಪ್ಪಿತು. ಅದೂ ಯಾವಾಗ? ಇಂಥದೇ ಇನ್ನೊಂದು ಅಪರಾಧಕ್ಕೆ ಶಿಕ್ಷೆಯಾಗಿ, ಕೋರ್ಟಿನ ಕಣ್ಗಾವಲಿನಲ್ಲಿ ಇರುವಾಗಲೇ. ದಂಡ ಬಿತ್ತು: 2 ಕೋಟಿ ಡಾಲರ್. ಪತ್ರಿಕೆಗಳು ಭಾರೀ ದಂಡ ಎಂದು ಬರೆದವು. ಆ ವರ್ಷ ಕಂಪನಿಯ ವಹಿವಾಟು ಸುಮಾರು 2,080 ಕೋಟಿ ಡಾಲರ್. ಭಾಗಿಸಿ ನೋಡಿ. ಎಂಟೂವರೆ ಗಂಟೆಯ ದುಡಿಮೆಯೂ ಆಗುವುದಿಲ್ಲ. ಬೆಳಗಿನ ತಿಂಡಿಗೆ ಕೂತು, ಮಧ್ಯಾಹ್ನದ ಊಟ ಮುಗಿಸಿ, ಸಂಜೆಯ ಕಾಫಿಗೆ ಏಳುವಷ್ಟರಲ್ಲಿ ದಂಡದ ಹಣ ವಾಪಸ್ ಬಂದಿರುತ್ತದೆ.

ಈ ಸುದ್ದಿ ಓದಿದವರೆಲ್ಲ ಮೀನಿಗಾಗಿ, ಆಮೆಗಾಗಿ, ಹವಳದ ದಿಬ್ಬಕ್ಕಾಗಿ ಮರುಗಿದರು. ಮರುಗಬೇಕಾದದ್ದೇ. ಆದರೆ ಆ ಎಂಜಲಿನಿಂದ ಪ್ಲಾಸ್ಟಿಕ್ ಹೆಕ್ಕಬೇಕಾಗಿದ್ದವನು ಯಾರು, ಅವನ ಮುಂದೆ ಎಷ್ಟು ಡ್ರಮ್ಮು ಇದ್ದವು, ಅವನು ಆ ದಿನ ಎಷ್ಟು ಹೊತ್ತು ನಿದ್ದೆ ಮಾಡಿದ್ದ ಎಂದು ಯಾವ ಪತ್ರಿಕೆಯೂ ಕೇಳಲಿಲ್ಲ. ಕಡಲು ಹಾಳಾದರೆ ಕೋರ್ಟು ಒಂದಾದರೂ ಇದೆ. ಕಸದ ಕೋಣೆಯಲ್ಲಿ ಕೈ ಹಾಳಾದರೆ ಸುದ್ದಿಯೂ ಇಲ್ಲ.

ಹಡಗಿನ ಕಸದ ಕೋಣೆ ಪ್ರಯಾಣಿಕರು ಕಾಲಿಡುವ ಜಾಗವಲ್ಲ. ಮೇಲೆ ಹನ್ನೆರಡು, ಹದಿನೈದು ಮಹಡಿ ಬೆಳಕು, ಸಂಗೀತ, ಈಜುಕೊಳ. ಕೆಳಗೆ ನೀರಿನ ಮಟ್ಟದ ಹತ್ತಿರ ಕಬ್ಬಿಣದ ಗೋಡೆಯ ಕೋಣೆ, ಉದ್ದದ ಸ್ಟೀಲ್ ಮೇಜು. ಮೂರು ಹೊತ್ತಿನ ಎಂಜಲು ಡ್ರಮ್ಮುಗಳಲ್ಲಿ ಬಂದು ಮೇಜಿನ ಮೇಲೆ ಬೀಳುತ್ತದೆ. ಗ್ಲೌಸು ಹಾಕಿದ ಕೈಗಳು ಅದನ್ನು ಕೆದಕುತ್ತವೆ. ಅನ್ನ ಈ ಕಡೆ, ಬೆಣ್ಣೆಯ ಪುಟ್ಟ ಪ್ಲಾಸ್ಟಿಕ್ ಡಬ್ಬಿ ಆ ಕಡೆ. ಸ್ಟ್ರಾ, ಟೂತ್‌ಪಿಕ್, ಫೋರ್ಕು, ಒಡೆದ ವೈನ್ ಗ್ಲಾಸಿನ ಚೂರು. ಗ್ಲಾಸಿನ ಚೂರು ರಬ್ಬರ್ ಗ್ಲೌಸಿಗೆ ಹೆದರುವುದಿಲ್ಲ. ಕ್ಯಾಬಿನ್ನಿನ ಕಸದ ಚೀಲ ಇನ್ನೂ ಅಪಾಯದ್ದು: ಅದರಲ್ಲಿ ಸಕ್ಕರೆ ಕಾಯಿಲೆಯವರು ಚುಚ್ಚಿಕೊಂಡ ಸೂಜಿ ಇರಬಹುದು, ಅರ್ಧ ಖಾಲಿಯಾದ ಡಿಯೋಡರೆಂಟ್ ಕ್ಯಾನ್ ಇರಬಹುದು, ಲಿಥಿಯಂ ಬ್ಯಾಟರಿ ಇರುವ ಇ-ಸಿಗರೇಟ್ ಇರಬಹುದು. ಇಷ್ಟನ್ನೂ ಹೆಕ್ಕಿ ಮುಗಿಸುವಷ್ಟರಲ್ಲಿ ಮುಂದಿನ ಡ್ರಮ್ಮು ಬಂದಿರುತ್ತದೆ. ಮೇಲೆ ಬಫೆ ನಿಲ್ಲುವುದಿಲ್ಲವಲ್ಲ.

ಆಮೇಲೆ ಸುಡುವ ಕೆಲಸ. ಸರಕು ಹಡಗಾದರೆ ಕಸಕ್ಕೆಂದೇ ಬೇರೆ ಆಳು ಇರುವುದಿಲ್ಲ; ಎಂಜಿನ್ ರೂಮಿನಲ್ಲಿ ಒರೆಸುವ ವೈಪರ್ ಅಥವಾ ಎಣ್ಣೆ ಹಾಕುವ ಆಯಿಲರ್ ತನ್ನ ಪಾಳಿಯ ನಡುವೆ ಇದನ್ನೂ ಮಾಡಬೇಕು. ಇನ್ಸಿನರೇಟರ್ ಅಂದರೆ ಒಳಗೋಡೆಗೆ ಬೆಂಕಿ ಇಟ್ಟಿಗೆ ಹೊದಿಸಿದ ಉಕ್ಕಿನ ಪೆಟ್ಟಿಗೆ. ಮೊದಲ ಕೋಣೆಯಲ್ಲಿ ಕಸ ಉರಿಯುತ್ತದೆ, ಎರಡನೆಯದರಲ್ಲಿ ಹೊಗೆಯನ್ನೇ ಮತ್ತೆ ಸುಡುತ್ತಾರೆ. ಎಂಜಿನ್ ಎಣ್ಣೆಯನ್ನು ಶುದ್ಧ ಮಾಡುವಾಗ ಉಳಿಯುವ ಕರಿ ಕೆಸರು, ಅವರ ಬಾಯಲ್ಲಿ ಸ್ಲಡ್ಜ್, ಇದರಲ್ಲೇ ಸುಡುವುದು. ಕಸ ಹಾಕುವ ಬಾಗಿಲಿಗೆ ಇಂಟರ್‌ಲಾಕ್ ಇರುತ್ತದೆ; ಒಳಗೆ ಉರಿ ಇರುವಾಗ ಅದು ತೆರೆಯಬಾರದು. ತೆರೆದರೆ ಹೊರಗಿನ ಗಾಳಿ ನುಗ್ಗಿ ಬೆಂಕಿ ನಾಲಗೆ ಹಿಂದಕ್ಕೆ ಚಾಚುತ್ತದೆ, ಎದುರಿಗಿರುವುದು ಮನುಷ್ಯನ ಮುಖ. ಬಾಯಿ ಮುಚ್ಚಿದ ಬಾಟಲಿ, ಬಣ್ಣದ ಡಬ್ಬ, ಸ್ಪ್ರೇ ಕ್ಯಾನ್ ಒಳಗೆ ಹೋದರೆ ಪಟಾಕಿಯಲ್ಲ, ಸಣ್ಣ ಬಾಂಬು. ಗಾಜು ಹೋದರೆ ಕರಗಿ ಇಟ್ಟಿಗೆಗೆ ಅಂಟುತ್ತದೆ, ಮರುದಿನ ಅದೇ ವೈಪರ್ ಒಳಗೆ ತಲೆ ತೂರಿಸಿ ಉಳಿಯಿಂದ ಅದನ್ನು ಕೆತ್ತಬೇಕು. ಬೂದಿ ತೆಗೆಯುವಾಗ ಮೇಲೆ ತಣ್ಣಗೆ ಕಂಡರೂ ಅಡಿಯಲ್ಲಿ ಕೆಂಡ. ಆ ಬೂದಿಯಲ್ಲಿ ಸೀಸ, ಕ್ಯಾಡ್ಮಿಯಂನಂಥ ಭಾರ ಲೋಹ ಇರಬಹುದು ಎಂಬ ಭಯದಿಂದಲೇ ಅದನ್ನು ಕಡಲಿಗೆ ಹಾಕಬಾರದೆಂದು 2013ರಿಂದ ನಿಷೇಧ. ಗುದ್ದಲಿಯಿಂದ ಎಳೆದು ಡ್ರಮ್ಮಿಗೆ ತುಂಬುವವನ ಮೂಗಿಗೆ ಮಾತ್ರ ಯಾವ ನಿಷೇಧವೂ ಅಡ್ಡ ಬರುವುದಿಲ್ಲ.

ನಿಯಮ ಇಲ್ಲವೇ? ಧಾರಾಳವಾಗಿದೆ. 1973ರಲ್ಲಿ ಹುಟ್ಟಿ 1978ರಲ್ಲಿ ತಿದ್ದುಪಡಿಯಾದ ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಇದೆ. ಅದರ ಐದನೇ ಅನುಬಂಧ ಹಡಗಿನ ಕಸದ್ದು, ಆರನೆಯದು ಹೊಗೆಯದು. ಎಷ್ಟು ನಿಖರ ನೋಡಿ: ಅರೆದ ಎಂಜಲು 25 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೂರಿದರೆ ದಡದಿಂದ 3 ನಾಟಿಕಲ್ ಮೈಲಿ ಆಚೆ ಬಿಡಬಹುದು, ಅರೆಯದ್ದಾದರೆ 12 ಮೈಲಿ ಆಚೆ. ಕಸಕ್ಕೆ ಅಕ್ಷರಗಳಿವೆ. ಪ್ಲಾಸ್ಟಿಕ್ ಎ, ಎಂಜಲು ಬಿ, ಅಡುಗೆ ಎಣ್ಣೆ ಡಿ, ಇನ್ಸಿನರೇಟರ್ ಬೂದಿ ಇ. ಸತ್ತ ಪ್ರಾಣಿಯ ಹೆಣಕ್ಕೂ ಒಂದು ಅಕ್ಷರ ಇದೆ, ಜಿ. ಗಾರ್ಬೇಜ್ ರೆಕಾರ್ಡ್ ಬುಕ್ ಎಂಬ ಪುಸ್ತಕದಲ್ಲಿ ಇದನ್ನೆಲ್ಲ ಬರೆಯಬೇಕು: ಸುಡಲು ಶುರು ಮಾಡಿದ್ದು ಎಷ್ಟು ಹೊತ್ತಿಗೆ, ಮುಗಿಸಿದ್ದು ಎಷ್ಟು ಹೊತ್ತಿಗೆ, ಆಗ ಹಡಗು ಯಾವ ಅಕ್ಷಾಂಶ ರೇಖಾಂಶದಲ್ಲಿತ್ತು, ಎಷ್ಟು ಘನ ಮೀಟರ್. ಕೊನೆಗೆ ಅಧಿಕಾರಿಯ ಸಹಿ, ಪ್ರತಿ ಪುಟಕ್ಕೆ ಕ್ಯಾಪ್ಟನ್ ಸಹಿ. ಸುಟ್ಟವನ ಹೆಸರಿಗೆ ಜಾಗವಿಲ್ಲ. ಸುಟ್ಟುಕೊಂಡ ಕೈಗೆ ಕಾಲಂ ಇಲ್ಲ. ಗಾಯದ ವರದಿಗೆ ಬೇರೆ ಫಾರಂ ಇದೆ ಎನ್ನುತ್ತಾರೆ. ಇದೆ. ಅದನ್ನು ತುಂಬಿದರೆ ಕಂಪನಿಯ ‘ಅಪಘಾತರಹಿತ ದಿನಗಳ’ ಬೋರ್ಡು ಸೊನ್ನೆಗೆ ಇಳಿಯುತ್ತದೆ, ಬೋನಸ್ಸಿಗೆ ಕತ್ತರಿ ಬೀಳುತ್ತದೆ. ಹಾಗಾಗಿ ಬರ್ನಾಲ್ ಹಚ್ಚಿ ಬಟ್ಟೆ ಸುತ್ತಿಕೊಂಡರೆ ಆಯಿತು, ಮತ್ತೆ ಪಾಳಿ.

ಆರನೇ ಅನುಬಂಧದ 16ನೇ ನಿಯಮ ಓದಿದರೆ ಸಿಟ್ಟು ಇನ್ನೂ ಏರುತ್ತದೆ. ವಿಷಕಾರಿ ಸರಕಿನ ಶೇಷ, ಪಿಸಿಬಿ ಎಂಬ ವಿಷ ರಾಸಾಯನಿಕ, ಭಾರ ಲೋಹ ಬೆರೆತ ಕಸ ಸುಡಕೂಡದು. ಪಿವಿಸಿ ಪ್ಲಾಸ್ಟಿಕ್ಕನ್ನು ಅನುಮೋದಿತ ಇನ್ಸಿನರೇಟರಿನಲ್ಲಿ ಬಿಟ್ಟು ಬೇರೆಲ್ಲೂ ಸುಡಕೂಡದು. ಯಾಕೆ? ಉರಿದರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ, ಸರಿಯಾಗಿ ಉರಿಯದಿದ್ದರೆ ಡಯಾಕ್ಸಿನ್ ಎಂಬ ವಿಷ. ಅದಕ್ಕೇ 850 ಡಿಗ್ರಿ ಸೆಲ್ಸಿಯಸ್ ತಲುಪುವವರೆಗೆ ಕಸ ಹಾಕಬಾರದು; ಒಂದೇ ಸಲ ತುಂಬುವ ಮಾದರಿಯಾದರೆ ಹೊತ್ತಿಸಿದ ಐದು ನಿಮಿಷದೊಳಗೆ 600 ಡಿಗ್ರಿ ಮುಟ್ಟಬೇಕು. ಬಹಳ ಒಳ್ಳೆಯದು. ಆದರೆ ಕತ್ತಲೆ ಕೋಣೆಯಲ್ಲಿ ಕಟ್ಟಿದ ಕರಿ ಚೀಲ ಹಿಡಿದು ನಿಂತ ಹುಡುಗ ಇದರಲ್ಲಿ ಪಿವಿಸಿ ಇದೆಯೋ ಪಾಲಿಥೀನ್ ಇದೆಯೋ ಎಂದು ಹೇಗೆ ತಿಳಿಯಬೇಕು, ಮೂಸಿ ನೋಡಿಯೇ? ಇದೇ ನಿಯಮ ಇನ್ನೊಂದು ಮಾತು ಹೇಳುತ್ತದೆ: ಇನ್ಸಿನರೇಟರ್ ನಡೆಸುವ ಪ್ರತಿಯೊಬ್ಬನಿಗೂ ತರಬೇತಿ ಕೊಡಲೇಬೇಕು. ಹಡಗಿಗೆ ಹೋದವರನ್ನು ಕೇಳಿ ನೋಡಿ, ಆ ತರಬೇತಿ ಹೇಗಿತ್ತು ಎಂದು. ಮ್ಯಾನುಯಲ್ ಇಂಗ್ಲಿಷಿನಲ್ಲಿದೆ, ಕಪಾಟಿನಲ್ಲಿದೆ. ಹಿಂದಿನವನು ಹಡಗಿನಿಂದ ಇಳಿಯುವ ಮುನ್ನ ಅರ್ಧ ಗಂಟೆಯಲ್ಲಿ ‘ಈ ಗುಂಡಿ, ಆ ಗುಂಡಿ’ ಎಂದು ತೋರಿಸಿ ಹೋದ. ಕೆಳಗೆ ಸಹಿ. ಅಷ್ಟೇ ತರಬೇತಿ. ಮಯಾಮಿ ಕೋರ್ಟಿನಲ್ಲಿ ಕಾರ್ನಿವಲ್ ಒಪ್ಪಿಕೊಂಡ ಸುಳ್ಳು ತರಬೇತಿ ದಾಖಲೆಯನ್ನು ಕಾಗದದ ತಪ್ಪು ಎಂದು ಭಾವಿಸಬೇಡಿ. ತರಬೇತಿ ಕೊಡದೆಯೇ ಕೊಟ್ಟೆವೆಂದು ಬರೆದ ಪ್ರತಿ ಸಾಲಿನ ಹಿಂದೆ ಏನೂ ಹೇಳಿಕೊಡದೆ ಕೆಲಸಕ್ಕೆ ತಳ್ಳಿದ ಒಬ್ಬ ಮನುಷ್ಯ ಇದ್ದಾನೆ.

ಇದೇನು ಹೊಸ ಚಾಳಿಯಲ್ಲ. 1991ರಲ್ಲಿ ಫ್ಲಾರಿಡಾದ ಹತ್ತಿರ ರೀಗಲ್ ಪ್ರಿನ್ಸೆಸ್ ಎಂಬ ಹಡಗಿನಿಂದ ಕಸದ ಪ್ಲಾಸ್ಟಿಕ್ ಚೀಲಗಳನ್ನು ಕಡಲಿಗೆ ಎಸೆಯುವುದನ್ನು ಪ್ರಯಾಣಿಕರೇ ವಿಡಿಯೋ ಮಾಡಿದರು; 1993ರಲ್ಲಿ ಪ್ರಿನ್ಸೆಸ್ ಕಂಪನಿಗೆ 5 ಲಕ್ಷ ಡಾಲರ್ ದಂಡ. 1999ರಲ್ಲಿ ರಾಯಲ್ ಕೆರಿಬಿಯನ್ ಕಂಪನಿ 21 ಅಪರಾಧಗಳನ್ನು ಒಪ್ಪಿಕೊಂಡು 1 ಕೋಟಿ 80 ಲಕ್ಷ ಡಾಲರ್ ಕಟ್ಟಿತು. ಎಣ್ಣೆ ನೀರಷ್ಟೇ ಅಲ್ಲ, ಫೋಟೊ ತೊಳೆಯುವ, ಬಟ್ಟೆ ಡ್ರೈ ಕ್ಲೀನ್ ಮಾಡುವ ರಾಸಾಯನಿಕಗಳನ್ನೂ ಕಡಲಿಗೆ ಬಿಟ್ಟಿತ್ತು. ಅದರ ಹಡಗುಗಳ ಎಣ್ಣೆ ದಾಖಲೆ ಪುಸ್ತಕಕ್ಕೆ ಎಂಜಿನ್ ರೂಮಿನವರೇ ಇಟ್ಟ ಹೆಸರು ಕಟ್ಟುಕಥೆಯ ಪುಸ್ತಕ. ಆಮೇಲೆ 2013ರ ಆಗಸ್ಟ್. ಇಂಗ್ಲೆಂಡಿನ ಕರಾವಳಿಯಿಂದ ಸುಮಾರು 23 ಮೈಲಿ ದೂರದಲ್ಲಿ ಕೆರಿಬಿಯನ್ ಪ್ರಿನ್ಸೆಸ್ ಹಡಗು ‘ಮ್ಯಾಜಿಕ್ ಪೈಪ್’ ಮೂಲಕ 16 ಸಾವಿರ ಲೀಟರ್ ಎಣ್ಣೆ ನೀರು ಬಿಟ್ಟಿತು. ಶುದ್ಧೀಕರಣ ಯಂತ್ರದ ಮೂಲಕ ಹೋಗದೆ ನೇರ ಕಡಲಿಗೆ ತೆರೆಯುವ ಕಳ್ಳ ಕೊಳವೆಗೆ ಆ ಹೆಸರು. ಬಂದರಿನಲ್ಲಿ ಇಳಿಸಲು ಖರ್ಚು ಜಾಸ್ತಿ, ದಡದ ಮೇಲಿರುವ ಸೂಪರಿಂಟೆಂಡೆಂಟ್ ಕೊಡುವುದಿಲ್ಲ ಎಂದು ಚೀಫ್ ಎಂಜಿನಿಯರ್ ಕೈಕೆಳಗಿನವರಿಗೆ ಹೇಳಿದ್ದ. ಹೊಸದಾಗಿ ಸೇರಿದ್ದ ಒಬ್ಬ ಎಂಜಿನಿಯರಿಗೆ ಇದನ್ನು ಸಹಿಸಲಾಗಲಿಲ್ಲ. ಸೌತಾಂಪ್ಟನ್ ಬಂದರಿನಲ್ಲಿ ಇಳಿದವನೇ ಕೆಲಸ ಬಿಟ್ಟು ಬ್ರಿಟಿಷ್ ಅಧಿಕಾರಿಗಳಿಗೆ ಹೇಳಿಬಿಟ್ಟ. ಅವನು ಹೇಳಿದ ಕೂಡಲೇ ಚೀಫ್ ಎಂಜಿನಿಯರ್ ಕೊಳವೆ ಬಿಚ್ಚಿಸಿದ, ಸುಳ್ಳು ಹೇಳಿ ಎಂದು ಉಳಿದವರಿಗೆ ಕಟ್ಟಪ್ಪಣೆ ಮಾಡಿದ. 2016ರ ಡಿಸೆಂಬರಿನಲ್ಲಿ ಕಾರ್ನಿವಲ್ ಒಡೆತನದ ಪ್ರಿನ್ಸೆಸ್ ಕಂಪನಿ 4 ಕೋಟಿ ಡಾಲರ್ ದಂಡಕ್ಕೆ, ಕೋರ್ಟಿನ ಕಣ್ಗಾವಲಿಗೆ ಒಪ್ಪಿತು. ಅದೇ ಕಣ್ಗಾವಲಿನಲ್ಲಿ 2019ರ ತಪ್ಪೊಪ್ಪಿಗೆ. ಕೊನೆಗೆ 2022ರ ಜನವರಿಯಲ್ಲಿ ಮತ್ತೆ ಉಲ್ಲಂಘನೆ, ಮತ್ತೆ 10 ಲಕ್ಷ ಡಾಲರ್. ಬಸ್ಸಿಗೆ ಟಿಕೆಟ್ ತೆಗೆದಷ್ಟು ಸಲೀಸಾಗಿ ದಂಡ ಕಟ್ಟುತ್ತಾ ಹೋಗುವವರನ್ನು ಶಿಕ್ಷೆಯಾದವರು ಎಂದು ಕರೆಯುವುದಾದರೂ ಹೇಗೆ?

ಗಮನಿಸಬೇಕಾದ್ದು ಒಂದಿದೆ. ಕಡಲಿಗೆ ಎಸೆದರೆ ದಂಡ ಎಂದಾಗ ಎಂಜಲು, ಪ್ಲಾಸ್ಟಿಕ್, ಸ್ಲಡ್ಜ್ ಎಲ್ಲ ಎಲ್ಲಿಗೆ ಹೋಗುತ್ತವೆ? ಬಂದರಿಗೆ ಕೊಡಲು ದುಡ್ಡು ಬಿಚ್ಚುವುದಿಲ್ಲ, ಹಡಗಿನಲ್ಲಿ ಇಟ್ಟುಕೊಳ್ಳಲು ಜಾಗವಿಲ್ಲ. ಉಳಿದದ್ದು ಇನ್ಸಿನರೇಟರ್. ಕಡಲನ್ನು ಉಳಿಸುವ ಪ್ರತಿ ನಿಯಮದ ಭಾರವನ್ನು ಕಂಪನಿಗಳು ವೈಪರ್‌ನ ಬೆನ್ನಿಗೆ ವರ್ಗಾಯಿಸಿವೆ. ಮತ್ತೆ ಅದೇ ವೈಪರ್ ದಣಿದು ಒಂದು ಚೀಲವನ್ನು ರಾತ್ರಿ ಕಡಲಿಗೆ ದೂಡಿದರೆ ‘ಸಿಬ್ಬಂದಿಯ ನಿರ್ಲಕ್ಷ್ಯ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ.

ಹಡಗಿನ ಮೇಲೆ ಸುಡುವ ಈ ಬುದ್ಧಿಯ ವಂಶಾವಳಿ ಸ್ವಲ್ಪ ತೆಗೆಯೋಣ. 1974ರಲ್ಲಿ ಶೆಲ್ ಕಂಪನಿಯ ಕ್ಲೋರಿನ್ ಬೆರೆತ ರಾಸಾಯನಿಕ ತ್ಯಾಜ್ಯವನ್ನು ವಲ್ಕನಸ್ ಎಂಬ ಹಡಗಿನಲ್ಲಿ ತುಂಬಿ ಮೆಕ್ಸಿಕೊ ಕೊಲ್ಲಿಯಲ್ಲಿ ಸುಟ್ಟರು. 1977ರಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಉಳಿದ ಏಜೆಂಟ್ ಆರೆಂಜ್ ಎಂಬ ಗಿಡ ಕೊಲ್ಲುವ ವಿಷವನ್ನು ಅದೇ ಹಡಗು ಪೆಸಿಫಿಕ್ ಸಾಗರದ ಜಾನ್‌ಸ್ಟನ್ ಹವಳದ್ವೀಪದ ಬಳಿ ಸುಟ್ಟು ಮುಗಿಸಿತು, ಸುಮಾರು 84 ಲಕ್ಷ ಲೀಟರ್. ವಿಯೆಟ್ನಾಮಿನ ಮಕ್ಕಳ ಮೈಮೇಲೆ ಸುರಿದದ್ದರ ಉಳಿಕೆ ಅದು. ಮುಗಿಲು ಎಲ್ಲರದು, ಅಂದರೆ ಯಾರದೂ ಅಲ್ಲ ಎಂಬ ಲೆಕ್ಕ. 1983ರಲ್ಲಿ ಟೆಕ್ಸಾಸಿನ ಬ್ರೌನ್ಸ್‌ವಿಲ್ ಊರಿನಲ್ಲಿ ಇದರ ಮೇಲೆ ಬಹಿರಂಗ ವಿಚಾರಣೆ ನಡೆದಾಗ ಸಾವಿರಾರು ಜನ ನುಗ್ಗಿ ಬಂದು ವಿರೋಧಿಸಿದರು. ಅಮೆರಿಕದಲ್ಲಿ ಆ ದಂಧೆ ಅಲ್ಲಿಗೆ ಕುಂಟಿತು, ಉತ್ತರ ಸಮುದ್ರದಲ್ಲಿ 1991ಕ್ಕೆ ನಿಂತಿತು, 1996ರ ಲಂಡನ್ ಪ್ರೋಟೊಕಾಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಅದನ್ನು ನಿಷೇಧಿಸಿತು. ಬೀದಿಗಿಳಿದ ಜನ ಗೆದ್ದ ಅಪರೂಪದ ಪ್ರಕರಣ, ಶಹಬ್ಬಾಸ್ ಅನ್ನಲೇಬೇಕು. ಆದರೆ ಆ ನಿಷೇಧದಲ್ಲಿ ಒಂದು ಕಿಂಡಿ ಉಳಿದಿದೆ: ದಡದ ಕಸವನ್ನು ಕಡಲಿಗೆ ಒಯ್ದು ಸುಡಬಾರದು, ಹಡಗು ತಾನೇ ಹುಟ್ಟಿಸಿದ ಕಸವನ್ನು ತಾನೇ ಸುಟ್ಟುಕೊಳ್ಳಬಹುದು. ಸ್ಲಡ್ಜನ್ನು ಹಡಗಿನ ಬಾಯ್ಲರಿನಲ್ಲಿ ಸುಡುವುದಾದರೆ ಬಂದರಿನೊಳಗೆ, ಅಳಿವೆಯೊಳಗೆ ಸುಡುವಂತಿಲ್ಲ ಎಂದೂ ನಿಯಮವಿದೆ. ಊರಿನವರ ಮೂಗಿಗೆ ಹೊಗೆ ಕೆಟ್ಟದ್ದು ಎಂದು ಗೊತ್ತಿದೆ ಅಂತಾಯಿತು. ಹಾಗಾದರೆ ನಡುಗಡಲಿನಲ್ಲಿ ಆ ಹೊಗೆಯ ಪಕ್ಕದಲ್ಲೇ ಉಣ್ಣುವ, ಮಲಗುವ ಇಪ್ಪತ್ತು ಇಪ್ಪತ್ತೈದು ಜನ ಯಾವ ಊರಿನವರು?

ಬೂದಿಗೆ ಎಷ್ಟು ದೂರ ಓಡಲು ಬರುತ್ತದೆ ಎಂಬುದಕ್ಕೆ ಖಿಯಾನ್ ಸೀ ಹಡಗಿನ ಕಥೆ ಸಾಕು. 1986ರಲ್ಲಿ ಫಿಲಡೆಲ್ಫಿಯಾ ನಗರದ ಇನ್ಸಿನರೇಟರ್ ಬೂದಿ ಸುಮಾರು 14 ಸಾವಿರ ಟನ್ ಹೊತ್ತು ಹೊರಟಿತು. ಯಾವ ದೇಶವೂ ಇಳಿಸಲು ಬಿಡಲಿಲ್ಲ. 1988ರ ಆರಂಭದಲ್ಲಿ ಹೈಟಿಯ ಗೊನೈವ್ ಬಂದರಿನಲ್ಲಿ ಗೊಬ್ಬರವೆಂದು ಸುಳ್ಳು ಹೇಳಿ ಸುಮಾರು 4 ಸಾವಿರ ಟನ್ ಸುರಿದರು. ಉಳಿದದ್ದನ್ನು ಹಡಗಿನ ಹೆಸರು ಎರಡು ಸಲ ಬದಲಿಸಿ, ಅಟ್ಲಾಂಟಿಕ್ಕಿನಲ್ಲೂ ನಮ್ಮ ಹಿಂದೂ ಮಹಾಸಾಗರದಲ್ಲೂ ಕದ್ದು ಮುಳುಗಿಸಿದರು. ಹಡಗು ನಡೆಸಿದ ಕಂಪನಿಯ ಅಧಿಕಾರಿಗಳು ಆಮೇಲೆ ಪ್ರಮಾಣ ಮಾಡಿ ಸುಳ್ಳು ಹೇಳಿದರು, ಅದಕ್ಕೆ ಶಿಕ್ಷೆಯೂ ಆಯಿತು.  ಕಡಲು ಸಾಕ್ಷಿ ಹೇಳಲು ಬರುವುದಿಲ್ಲವಲ್ಲ.

ಇದು ದೂರದ ಕಥೆ ಎಂದು ನಮ್ಮ ಕರಾವಳಿಯವರು ಹೇಳುವಂತಿಲ್ಲ. ಜಗತ್ತಿನ ಹಡಗುಗಳಿಗೆ ಆಳು ಒದಗಿಸುವ ದೊಡ್ಡ ದೇಶಗಳಲ್ಲಿ ನಮ್ಮದೂ ಒಂದು. ಮಂಗಳೂರು, ಉಡುಪಿ, ಕಾರವಾರದ ಕಡೆಯ ಎಷ್ಟೋ ಮನೆಗಳ ಟೆರೇಸು ಎದ್ದದ್ದು ಹಡಗಿನ ಸಂಬಳದಿಂದ. ವಿಹಾರ ಹಡಗುಗಳ ಅಡುಗೆಮನೆ, ಲಾಂಡ್ರಿ, ಕಸದ ಕೋಣೆಗಳಲ್ಲಿ ನಮ್ಮ ಹುಡುಗರಿದ್ದಾರೆ. ಸಿಡಿಸಿ ಎಂಬ ನಾವಿಕರ ಗುರುತಿನ ಪುಸ್ತಕ ಮಾಡಿಸಲು, ಸುರಕ್ಷತೆಯ ಕೋರ್ಸು ಮುಗಿಸಲು, ಏಜೆಂಟನ ಕೈ ಬಿಸಿ ಮಾಡಲು ಸಾಲ ಮಾಡಿ ಹೋದವರು. ಹಡಗಿನ ಒಡೆಯ ಒಂದು ದೇಶದವನು, ಬಾವುಟ ಪನಾಮಾದ್ದೋ ಲೈಬೀರಿಯಾದ್ದೋ ಬಹಾಮಾಸಿನದ್ದೋ, ಕೆಲಸಕ್ಕೆ ತೆಗೆದುಕೊಂಡ ಏಜೆನ್ಸಿ ಮುಂಬೈಯದು. ಗಾಯವಾದರೆ ಯಾರ ಬಾಗಿಲು ಬಡಿಯಬೇಕು? ಒಂಬತ್ತು ತಿಂಗಳ ಕಾಂಟ್ರಾಕ್ಟು ಮುಗಿದ ಮೇಲೆ ಮುಂದಿನ ಕರೆ ಬರಬೇಕಾದರೆ ಬಾಯಿ ಮುಚ್ಚಿಕೊಂಡಿರಬೇಕು. ಸೌತಾಂಪ್ಟನ್ನಿನಲ್ಲಿ ಇಳಿದು ಹೇಳಿದ ಎಂಜಿನಿಯರಿನ ಧೈರ್ಯ ದೊಡ್ಡದು, ಸಂಶಯವಿಲ್ಲ. ಆದರೆ ಮನೆ ಅಡವಿಟ್ಟು ಹಡಗು ಹತ್ತಿದ ವೈಪರ್‌ಗೆ ಆ ಧೈರ್ಯದ ಬೆಲೆ ಮನೆಯೇ.

2025ರ ಜೂನ್ 9ರಂದು ಕೇರಳದ ಕಡಲಾಚೆ ವಾನ್ ಹೈ 503 ಎಂಬ ಕಂಟೇನರ್ ಹಡಗಿನಲ್ಲಿ ಸ್ಫೋಟವಾಗಿ ಬೆಂಕಿ ಎದ್ದಿತು. ಹಡಗಿನಲ್ಲಿದ್ದ 22 ಮಂದಿಯಲ್ಲಿ 18 ಮಂದಿಯನ್ನು ನೌಕಾಪಡೆಯ ಐಎನ್‌ಎಸ್ ಸೂರತ್ ನವ ಮಂಗಳೂರು ಬಂದರಿಗೆ ತಂದಿತು, ಸುಟ್ಟ ಗಾಯದವರನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ನಾಲ್ವರು ಕಾಣೆಯಾದರು. ಅದು ಕಸ ಸುಡುವಾಗ ಎದ್ದ ಬೆಂಕಿಯಲ್ಲ, ಸರಕಿನ ಬೆಂಕಿ. ಆದರೆ ಹಡಗಿನ ಬೆಂಕಿ ಮನುಷ್ಯನಿಗೆ ಏನು ಮಾಡುತ್ತದೆ ಎಂಬುದನ್ನು ಅವತ್ತು ಮಂಗಳೂರು ಕಣ್ಣಾರೆ ಕಂಡಿತು. ಕಡಲಿನಲ್ಲಿ ಬೆಂಕಿ ಬಿದ್ದರೆ ಓಡಲು ಬೀದಿ ಇಲ್ಲ, 101ಕ್ಕೆ ಫೋನ್ ಮಾಡಿದರೆ ಬರುವ ಕೆಂಪು ಗಾಡಿ ಇಲ್ಲ. ಪೈಪು ಹಿಡಿಯಬೇಕಾದವರು ಅದೇ ವೈಪರ್, ಅದೇ ಆಯಿಲರ್.

ನಮಗೆ ಇದರಲ್ಲಿ ಬೆರಗಾಗುವಂಥದು ಕಮ್ಮಿ, ನಿಜ. ಬೆಂಗಳೂರಿನಲ್ಲಿ ಬೆಳಗಿನ ಜಾವ ರಸ್ತೆ ಬದಿ ಕಸಕ್ಕೆ ಕಡ್ಡಿ ಗೀರುವುದನ್ನು ನೋಡುತ್ತ ವಾಕಿಂಗ್ ಹೋಗುವವರು ನಾವು. ಮಲದ ಗುಂಡಿಗೆ ಮನುಷ್ಯನನ್ನು ಇಳಿಸಬಾರದೆಂದು 2013ರಲ್ಲಿ ಕಾನೂನು ಬಂದ ಮೇಲೂ ಇಳಿಸಿ, ಸತ್ತ ಮೇಲೆ ಗುತ್ತಿಗೆದಾರನ ಹೆಸರು ಹುಡುಕುವವರು ನಾವು. ಹೊಲಸು ಮುಟ್ಟುವವನು ಹುಟ್ಟಿದ್ದೇ ಅದಕ್ಕೆ ಎಂಬ ನಮ್ಮ ಜಾತಿಬುದ್ಧಿಗೂ, ಹಡಗಿನ ಕೆಳ ಮಹಡಿಗೆ ಬಡ ದೇಶದವನೇ ಆಗಬೇಕು ಎಂಬ ಕಂಪನಿಯ ಲೆಕ್ಕಕ್ಕೂ ಎಷ್ಟು ಚೆನ್ನಾಗಿ ಹೊಂದಿಕೆಯಾಗುತ್ತದೆ ನೋಡಿ.

ದಾರಿಯೇ ಇಲ್ಲ ಎನ್ನುವವರಿಗೆ ಹೇಳುವುದಿದೆ. ಯುರೋಪಿನ ಒಕ್ಕೂಟ 2019ರಲ್ಲಿ ತಂದ ಬಂದರು ನಿರ್ದೇಶನದ ಪ್ರಕಾರ ಹಡಗು ಕಸ ಇಳಿಸಿದರೂ ಇಳಿಸದಿದ್ದರೂ ಶುಲ್ಕ ಕಟ್ಟಲೇಬೇಕು; ಮಾಮೂಲಿ ಕಸವನ್ನು ಇಳಿಸಲು ಹೆಚ್ಚಿಗೆ ಕೇಳುವಂತಿಲ್ಲ. ಬಾಲ್ಟಿಕ್ ಕಡಲಿನ ಬಂದರುಗಳು ಇಂಥ ಪದ್ಧತಿಯನ್ನು ಅದಕ್ಕೂ ಮೊದಲೇ ಶುರು ಮಾಡಿದ್ದವು. ಕಟ್ಟಿದ ದುಡ್ಡು ಹೇಗೂ ಹೋಯಿತು ಎಂದಾಗ ಯಾವ ಚೀಫ್ ಎಂಜಿನಿಯರ್ ತಾನೇ ಕಸವನ್ನು ಸುಡಲು, ಕದ್ದು ಎಸೆಯಲು ಹೇಳುತ್ತಾನೆ? ನಮ್ಮ ಬಂದರುಗಳಲ್ಲೂ ಇದೇ ಆಗಲಿ. ಕಸ ಇಳಿಸುವುದು ಸುಲಭವೂ ಅಗ್ಗವೂ ಆಗಲಿ, ಹಡಗಿನ ಇನ್ಸಿನರೇಟರ್ ತುರ್ತಿಗೆ ಮಾತ್ರ ಉರಿಯಲಿ. ಒಂದೇ ಬಗೆಯ ತಪ್ಪು ಮೂರನೇ ಸಲ ಮಾಡಿದ ಕಂಪನಿಗೆ ದಂಡ ಬೇಡ, ಬಂದರಿನ ಬಾಗಿಲೇ ಮುಚ್ಚಲಿ. ಮಯಾಮಿಯ ನ್ಯಾಯಾಧೀಶೆ 2019ರಲ್ಲಿ ಹಾಗೆ ಮಾಡಿಯೇನು ಎಂದು ಗದರಿದ್ದರು. ಅಧ್ಯಕ್ಷರು ಕೋರ್ಟಿಗೆ ಓಡಿ ಬಂದದ್ದು ಆ ಗದರಿಕೆಗೆ, ದಂಡದ ಭಯಕ್ಕಲ್ಲ.

ತಪಾಸಣಾಧಿಕಾರಿಗಳಿಗೂ ಒಂದು ಮಾತು. ಹಿಂದೂ ಮಹಾಸಾಗರದ ದೇಶಗಳ ಒಪ್ಪಂದದ ಅಡಿ ಪರದೇಶದ ಹಡಗನ್ನೂ ಹತ್ತಿ ನೋಡುವ, ತಡೆಹಿಡಿಯುವ ಅಧಿಕಾರ ನಿಮಗೆ 1999ರಿಂದಲೇ ಇದೆ. ಕ್ಯಾಪ್ಟನ್ನಿನ ಕೋಣೆಯಲ್ಲಿ ಎಸಿ ಹಾಕಿಸಿಕೊಂಡು, ಕಾಫಿ ಕುಡಿಯುತ್ತಾ ರೆಕಾರ್ಡ್ ಬುಕ್ಕಿನ ಸಹಿ ಎಣಿಸಿ ಇಳಿಯಬೇಡಿ. ಇನ್ಸಿನರೇಟರ್ ಕೋಣೆಗೆ ಇಳಿಯಿರಿ. ಬಾಗಿಲಿನ ಇಂಟರ್‌ಲಾಕಿಗೆ ತಂತಿ ಕಟ್ಟಿ ಕುರುಡು ಮಾಡಿದ್ದಾರೋ ನೋಡಿ. ಮುಖಕ್ಕೆ ಹಿಡಿಯುವ ಶೀಲ್ಡು ಗೋಡೆಯ ಮೊಳೆಯಲ್ಲಿ ಧೂಳು ಹಿಡಿದಿದೆಯೋ, ಬಳಸಿ ಮಸಿಯಾಗಿದೆಯೋ ನೋಡಿ. ನಿನ್ನೆ ಸುಟ್ಟವನು ಯಾರು ಎಂದು ಹೆಸರು ಕೇಳಿ, ಅವನು ಕಳೆದ ಇಪ್ಪತ್ನಾಲ್ಕು ಗಂಟೆಯಲ್ಲಿ ನಿಯಮದ ಹತ್ತು ಗಂಟೆ ವಿಶ್ರಾಂತಿ ಪಡೆದನೋ ಎಂದು ಕೇಳಿ. ಅಧಿಕಾರಿಗಳನ್ನು ಹೊರಗೆ ಕಳಿಸಿ, ತೋಳು ಮಡಚು ಅನ್ನಿ. ಅವನು ಬಾಗಿಲ ಕಡೆ ನೋಡಿ ಮಾತು ನುಂಗಿದರೆ ಹಡಗನ್ನು ಅಲ್ಲೇ ನಿಲ್ಲಿಸಿ.